ನವಿಲುಗರಿಯ ನೊಣ

ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಲಿವಿಂಗ್‌ಸ್ಟನ್ ಮ್ಯಾನರ್. ಅಲ್ಲಿ ವಿಲೋವೀಮಾಕ್ ಹೊಳೆಯ ಪಕ್ಕದಲ್ಲೇ ಕ್ಯಾಟ್‌ಸ್ಕಿಲ್ ಫ್ಲೈ ಫಿಶಿಂಗ್ ಮ್ಯೂಸಿಯಂ ಇದೆ. ಏಪ್ರಿಲ್‌ನಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಂದು ವರ್ಷದಿಂದ ಅವಳು ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು.

ಹಿರಿಯರೊಬ್ಬರು ಟ್ರೌಟ್ ಮೀನಿಗೆ ಹಾಕುವ 'ಕ್ವಿಲ್ ಗೋರ್ಡನ್' ಕಟ್ಟುವುದನ್ನು ತೋರಿಸಿದರು. 1915ರಲ್ಲಿ ತೀರಿಕೊಂಡ ಥಿಯೋಡೋರ್ ಗೋರ್ಡನ್ ಹೆಸರಿನ ಹುಸಿನೊಣ ಅದು. 14ನೇ ನಂಬರಿನ ಪುಟ್ಟ ಗಾಳಕ್ಕೆ ಕಾಡುಬಾತುವಿನ ಗರಿಯ ರೆಕ್ಕೆ. ಕೊನೆಗೆ ಹುಂಜದ ಕತ್ತಿನ ಗರಿಯನ್ನು ಸುತ್ತುತ್ತಾರೆ. ಅದರ ಎಳೆಗಳೇ ಕಾಲಾಗಿ ನೊಣವನ್ನು ನೀರಿನ ಮೇಲೆ ನಿಲ್ಲಿಸುತ್ತವೆ. ಮೈಗೆ ಮಾತ್ರ ನವಿಲುಗರಿಯ ಕಣ್ಣಿನ ಎಳೆ. ಅದರ ನವಿರನ್ನು ಸವರಿ ತೆಗೆದರೆ ನಿಜವಾದ ಹುಳುವಿನ ಹಾಗೆ ಪಟ್ಟೆಪಟ್ಟೆ.

ಗರಿ ನೋಡಿದ್ದೇ ತಡ, ಮಗಳು ಅಂದಳು: "ಅಮ್ಮಾ, ಅಜ್ಜಿ ಪುಸ್ತಕದಲ್ಲಿ ಇಟ್ಟು ಮರಿ ಹಾಕುತ್ತೆ ಅಂದಿದ್ರಲ್ಲಾ, ಅದೇ!"

ಹಿರಿಯರು ಏನೆಂದು ಕೇಳಿದರು. ಅವಳೇ ಇಂಗ್ಲಿಷಿನಲ್ಲಿ ವಿವರಿಸಿದಳು. ನನಗೆ ಹೊಗಳಬೇಕೆನಿಸಿತು, ಹೊಗಳಿದರೆ ನಾಚಿ ಬಾಯಿ ಮುಚ್ಚಿಯಾಳೆಂದು ದಾರ ಹಿಡಿದು ಸುಮ್ಮನೆ ಕೂತೆ.

ಅವಳು ಕಟ್ಟಿದ ನೊಣ ಬಟ್ಟಲ ನೀರಿನಲ್ಲಿ ಮಗುಚಿಕೊಂಡಿತು. "ಇನ್ನೊಂದು ಕಟ್ಟೋಣ, ಅಮ್ಮಾ" ಎಂದಳು.