ಚೈನ್ ನಿಲ್ತಾ ಇಲ್ಲ ಅಂದ್ರೆ ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ. ಮನೇಲಿ ಮರ ಕೊಯ್ಯೋ ಹಳೇ ಮಿಷನ್ ಇಟ್ಕೊಂಡವರು ದಯಮಾಡಿ ಕೊನೇವರೆಗೆ ಓದಿ.

ಹೋದ ವಾರ ಪಕ್ಕದೂರಿನವರೊಬ್ಬರು ಬೈಕಿನ ಹಿಂದೆ ಮಿಷನ್ ಕಟ್ಕೊಂಡು ನಮ್ಮನೆಗೆ ಬಂದ್ರು. "ಮಾರಾಯ್ರೇ, ಆಕ್ಸಿಲೇಟರ್ ಬಿಟ್ರೂ ಚೈನ್ ನಿಲ್ತಾ ಇಲ್ಲ. ಆ ಸ್ಕ್ರೂ ಒಂಚೂರು ತಿರುಗಿಸಿ ಕೊಡಿ, ನಾಳೆ ಬೇಣದಲ್ಲಿ ಅಕೇಶಿಯಾ ಕೊಯ್ಯಕ್ಕೆ ಆಳು ಹೇಳಿದೀನಿ" ಅಂದ್ರು. ಈ ಮಾತು ನಾನು ಹೋದ ವರ್ಷ ಕೇಳಿದ್ದೆ. ಆಗ ಸ್ಕ್ರೂ ತಿರುಗಿಸಿ ಕಳಿಸಿದ್ದೆ. ಅದರಿಂದ ಏನಾಯ್ತು ಅಂತ ಒಂದು ವರ್ಷ ಇಲ್ಲಿ ಬರೆದಿರಲಿಲ್ಲ. ನಾಚಿಕೆ, ಬೇರೇನಲ್ಲ. ಈಗ ಬರೀತೀನಿ. ಯಾಕೆ ಅಂದ್ರೆ ಅಡಿಕೆ ಕೊಯ್ಲು ಹತ್ರ ಬಂತು, ಬೇಯಿಸೋ ಒಲೆಗೆ ಸೌದೆ ಮಾಡೋ ಹೊತ್ತು, ಮಳೆಗಾಲ ಪೂರ್ತಿ ಮೂಲೇಲಿ ಬಿದ್ದಿದ್ದ ಮಿಷನ್ನುಗಳೆಲ್ಲ ಈಗ ಹೊರಗೆ ಬರ್ತವೆ.

ನಂದು ಸ್ಟಿಲ್ 025. ಒಂದು ಕಾಫಿ ಎಸ್ಟೇಟಿನವರು ಹೊಸ ಮಿಷನ್ ತಗೊಂಡಾಗ ಹಳೇದನ್ನ ನಾನು ತಗೊಂಡಿದ್ದು. ಇದೇ ಮಾಡೆಲ್ ಆಮೇಲೆ ಎಂಎಸ್ 250 ಅಂತ ಬಂತು, ನಿಮ್ಮಲ್ಲಿ ಬಹಳ ಜನರ ಹತ್ರ ಅದೇ ಇದೆ. ಗಾಳಿಗೆ ತೋಟದ ಮೇಲೆ ಬಿದ್ದ ಮರ, ಬೇಣದ ಅಕೇಶಿಯಾ, ಸಿಲ್ವರ್, ಮನೆ ಸೌದೆ, ಎಲ್ಲಾ ಅದರಲ್ಲೇ. ಇಂಜಿನ್ ಇವತ್ತಿಗೂ ಗಟ್ಟಿ ಇದೆ. ಇಂಜಿನ್ ಗಟ್ಟಿ ಇದೆ ಅನ್ನೋ ಧೈರ್ಯಕ್ಕೆ ಉಳಿದಿದ್ದನ್ನ ನಾನು ನೋಡಲೇ ಇಲ್ಲ.

ಹೋದ ವರ್ಷ ನವರಾತ್ರಿ ಕಳೆದ ವಾರ. ತಮ್ಮನ ಮಗ ಡಿಪ್ಲೊಮಾ ಮುಗಿಸಿ ಮನೇಲಿದ್ದ, ಸೌದೆ ಕೆಲಸಕ್ಕೆ ನನ್ನ ಜೊತೆ ಬರ್ತಿದ್ದ. ಮೊದಲ ದಿನವೇ ಹೇಳಿದ. "ದೊಡ್ಡಪ್ಪ, ರೇಸ್ ಬಿಟ್ರೂ ಚೈನ್ ಮೆಲ್ಲಗೆ ತಿರುಗ್ತಾನೇ ಇದೆ." ನಾನು ಐಡ್ಲಿಂಗ್ ಸ್ಕ್ರೂ ಇಳಿಸಿದೆ. ಚೈನ್ ನಿಲ್ಲೋದ್ರೊಳಗೆ ಇಂಜಿನ್ನೇ ಆಫ್ ಆಯ್ತು. ಮತ್ತೆ ಸ್ವಲ್ಪ ಏರಿಸಿದೆ, ಇಂಜಿನ್ ನಿಂತ್ಕೊಳ್ತು, ಚೈನ್ ಮತ್ತೆ ಹರಿದಾಡ್ತು. "ಹಳೇ ಮಿಷನ್ ಹಾಗೇ ಕಣೋ, ನೋಡ್ಕೊಂಡು ಕೊಯ್ಯಿ" ಅಂದೆ.

ಎರಡನೇ ದಿನ ಮಧ್ಯಾಹ್ನದ ಹೊತ್ತು. ಅವನು ಒಂದು ತುಂಡು ಕೊಯ್ದು ಮಿಷನ್ ಆಫ್ ಮಾಡದೆ ಕೈಯಲ್ಲಿ ಹಿಡ್ಕೊಂಡೇ ಮುಂದಿನ ತುಂಡಿಗೆ ಹೆಜ್ಜೆ ಹಾಕಿದ. ಆಫ್ ಮಾಡಬೇಡ ಅಂದಿದ್ದೂ ನಾನೇ, ಬಿಸಿ ಆದ ಮೇಲೆ ಅದು ಬೇಗ ಸ್ಟಾರ್ಟ್ ಆಗ್ತಿರಲಿಲ್ಲ. ಅಕೇಶಿಯಾದ ಒಣಗಿದ ಎಲೆ ಗೊತ್ತಲ್ಲ, ಇಳಿಜಾರಲ್ಲಿ ಎಣ್ಣೆ ಹಚ್ಚಿದ ಹಾಗೆ ಜಾರ್ತದೆ. ಕಾಲು ಜಾರಿತು, ಮಿಷನ್ ಮೊಣಕಾಲಿನ ಮೇಲೆ ತೊಡೆಗೆ ತಾಗಿತು. ನಿಂತ ಚೈನ್ ಆಗಿದ್ರೆ ಗೀರಿ ಹೋಗ್ತಿತ್ತು. ತಿರುಗೋ ಚೈನ್ ಪ್ಯಾಂಟಿನ ಬಟ್ಟೆ ಎಳ್ಕೊಂಡು ಒಳಗೆ ಹೋಯ್ತು. ಒಂಬತ್ತು ಹೊಲಿಗೆ. ನರಕ್ಕೆ, ಮೂಳೆಗೆ ಏನೂ ಆಗಿಲ್ಲ ಅಂತ ಡಾಕ್ಟ್ರು ಹೇಳೋವರೆಗೆ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ.

ತಮ್ಮ ನನಗೆ ಒಂದು ಮಾತು ಅನ್ನಲಿಲ್ಲ. ಬಿಲ್ ಕೊಡಕ್ಕೆ ಅಂತ ಹೋದ್ರೆ ಅವನು ಆಗಲೇ ಕೊಟ್ಟಾಗಿತ್ತು. ಬೈದಿದ್ರೇ ಸುಲಭ ಆಗ್ತಿತ್ತು.

ಮಾರನೇ ದಿನ ಮಿಷನ್ ಬಿಚ್ಚಿದೆ. ಆವತ್ತು ನೋಡಿದ್ದು, ಆಮೇಲೆ ಕಲಿತಿದ್ದು ಎರಡನ್ನೂ ಬರೀತೀನಿ.

ಈ ಮಿಷನ್ನಿನ ಕ್ಲಚ್ಚು ಬೈಕು, ಟ್ರ್ಯಾಕ್ಟರಿನ ಹಾಗೆ ನಾವು ಒತ್ತಿ ಬಿಡೋದಲ್ಲ. ಇಂಜಿನ್ ತಿರುಗೋ ವೇಗಕ್ಕೆ ತಾನೇ ಹಿಡೀತದೆ, ತಾನೇ ಬಿಡ್ತದೆ. ಮೂರು ಶೂ ಇರ್ತವೆ, ಆ ಮೂರನ್ನ ಒಳಗೆ ಎಳೆದು ಹಿಡಿಯಕ್ಕೆ ಮೂರು ಸಣ್ಣ ಸ್ಪ್ರಿಂಗು. ರೇಸ್ ಕೊಟ್ಟಾಗ ಶೂಗಳು ಹೊರಗೆ ಎಸೆದ ಹಾಗೆ ಬಂದು ಸುತ್ತ ಇರೋ ಡ್ರಮ್ಮಿಗೆ ಒತ್ತಿ ಹಿಡೀತವೆ, ಡ್ರಮ್ಮು ತಿರುಗ್ತದೆ, ಚೈನ್ ಓಡ್ತದೆ. ರೇಸ್ ಬಿಟ್ರೆ ಸ್ಪ್ರಿಂಗ್ ಶೂವನ್ನ ವಾಪಸ್ ಎಳೀಬೇಕು. ಈ ಮಾಡೆಲ್ಲಿಗೆ ಐಡ್ಲಿಂಗ್ ನಿಮಿಷಕ್ಕೆ 2800 ಸುತ್ತು. ಆ ವೇಗದಲ್ಲಿ ಶೂ ಡ್ರಮ್ಮಿಗೆ ತಾಗಬಾರದು. ಸ್ಪ್ರಿಂಗ್ ಸೋತಿದ್ರೆ ಅಷ್ಟಕ್ಕೇ ತಾಗ್ತದೆ.

ಹಾಗಾಗಿ ಮೊದಲ ಪರೀಕ್ಷೆ ಇದು. ಐಡ್ಲಿಂಗ್ ಸ್ಕ್ರೂ ನಿಧಾನ ಇಳಿಸಿ. ಚೈನ್ ನಿಂತು ಇಂಜಿನ್ ಓಡ್ತಾ ಇದ್ರೆ ಸರಿ, ರೇಸ್ ಜಾಸ್ತಿ ಇತ್ತು ಅಷ್ಟೇ. ಚೈನ್ ನಿಲ್ಲೋಕೆ ಮುಂಚೆ ಇಂಜಿನ್ ನಿಂತ್ರೆ ಅದು ಸ್ಕ್ರೂವಿನ ವಿಷಯ ಅಲ್ಲ, ಮೊದಲು ಕ್ಲಚ್ ಬಿಚ್ಚಿ ನೋಡಿ. ಈ ಲಕ್ಷಣ ಆವತ್ತೇ ನನ್ನ ಕಣ್ಣೆದುರಿಗಿತ್ತು.

ಬಿಚ್ಚೋ ಕ್ರಮ. ಮೊದಲು ಪ್ಲಗ್ ತೆಗೀರಿ. ಕವರ್ ತೆಗೆಯೋ ಮುಂಚೆ ಮುಂದಿನ ಹ್ಯಾಂಡ್ ಗಾರ್ಡ್ ಹಿಂದಕ್ಕೆ ಎಳೆದು ಚೈನ್ ಬ್ರೇಕ್ ಬಿಡಿಸಿಕೊಳ್ಳಿ. ಬ್ರೇಕಿನ ಪಟ್ಟಿ ಡ್ರಮ್ಮನ್ನೇ ಸುತ್ತಿ ಹಿಡಿಯೋದು, ಅದು ಹಿಡಿದಿದ್ರೆ ಡ್ರಮ್ಮು ಬರಲ್ಲ. ತುದೀಲಿ ಒಂದು ಸಣ್ಣ ಲಾಕ್ ಇದೆ. ಅದರ ಮೇಲೆ ಬಟ್ಟೆ ಮುಚ್ಚಿ ಎಬ್ಬಿಸಿ, ಇಲ್ಲ ಅಂದ್ರೆ ಹಾರಿ ಅಂಗಳದಲ್ಲಿ ಹುಡುಕ್ತಾ ಕೂರಬೇಕು. ಆಮೇಲೆ ವಾಷರ್, ಡ್ರಮ್ಮು, ಅದರ ನಡುವಿನ ನೀಡಲ್ ಬೇರಿಂಗ್. ಹಿಂದೆ ಕ್ಲಚ್ಚು.

ಕ್ಲಚ್ ಬಿಚ್ಚೋವಾಗ ನಾನು ಇನ್ನೊಂದು ದಡ್ಡತನ ಮಾಡಿದೆ. ಎಲ್ಲಾ ಬೋಲ್ಟಿನ ಹಾಗೆ ಎಡಕ್ಕೆ ತಿರುಗಿಸಿದೆ, ಬರಲಿಲ್ಲ ಅಂತ ಉಳಿ ಇಟ್ಟು ಸುತ್ತಿಗೇಲಿ ಹೊಡೆದೆ. ಅದು ಎಡಗೈ ಮರೆ. ಗಡಿಯಾರದ ಮುಳ್ಳು ಹೋಗೋ ದಿಕ್ಕಿಗೆ ತಿರುಗಿಸಿದ್ರೆ ಬಿಚ್ಚಿಕೊಳ್ತದೆ. ಕೆಲಸ ಮಾಡ್ತಾ ತಾನಾಗಿ ಬಿಗಿಯಾಗ್ಲಿ, ಬಿಚ್ಚಿ ಹೋಗದಿರಲಿ ಅಂತ ಹಾಗೆ ಮಾಡಿರೋದು. ನಾನು ಹೊಡೆದ ಪ್ರತಿ ಏಟಿಗೂ ಅದು ಇನ್ನೂ ಬಿಗಿಯಾಗ್ತಿತ್ತು. ಒಂದು ಶೂವಿನ ಅಂಚಿಗೆ ಉಳಿಯ ಗುರುತು ಈಗಲೂ ಇದೆ.

ಇಂಜಿನ್ ಸುತ್ತದ ಹಾಗೆ ಹಿಡಿಯಕ್ಕೆ ಪ್ಲಗ್ಗಿನ ತೂತಿನಿಂದ ಗಂಟಿಲ್ಲದ ನೈಲಾನ್ ಹಗ್ಗ ಸಿಲಿಂಡರ್ ಒಳಗೆ ಇಳಿಸಬೇಕು. ಪಿಸ್ಟನ್ ಮೇಲೆ ಬಂದು ಸೈಲೆನ್ಸರ್ ಕಡೆಯ ಕಿಂಡಿ ಮುಚ್ಚಿದ ಮೇಲೆ ಮಾತ್ರ ಇಳಿಸಿ. ಮೊದಲೇ ಹಾಕಿದ್ರೆ ಹಗ್ಗ ಕಿಂಡಿಗೆ ಸಿಕ್ಕಿ ತುಂಡಾಗ್ತದೆ. ಹಗ್ಗದ ಹೊರಗಿನ ತುದಿ ಉದ್ದ ಬಿಟ್ಟಿರಿ.

ನನ್ನ ಮಿಷನ್ನಿನಲ್ಲಿ ಕಂಡಿದ್ದು: ಮೂರರಲ್ಲಿ ಒಂದು ಸ್ಪ್ರಿಂಗಿನ ಕೊಕ್ಕೆ ಸವೆದು ದಾರದ ಹಾಗಾಗಿತ್ತು. ಉಳಿದೆರಡು ಎಳೆದು ಉದ್ದ ಆಗಿದ್ವು, ಸುತ್ತುಗಳ ನಡುವೆ ಬೆಳಕು ಕಾಣ್ತಿತ್ತು. ಡ್ರಮ್ಮು ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ನೀಡಲ್ ಬೇರಿಂಗಲ್ಲಿ ಗ್ರೀಸಿನ ಹೆಸರೇ ಇರಲಿಲ್ಲ, ಒಣಗಿ ಕಂದು ಬಣ್ಣ. ಈ ಬೇರಿಂಗನ್ನ ಯಾರೂ ನೋಡಲ್ಲ. ಅದು ಹಿಡ್ಕೊಂಡ್ರೆ ಶೂ ತಾಗದಿದ್ರೂ ಡ್ರಮ್ಮು ಇಂಜಿನ್ ಜೊತೆ ಸುತ್ತುತ್ತೆ. ಹೊಸ ಸ್ಪ್ರಿಂಗ್ ಹಾಕಿದ್ರೂ ಚೈನ್ ನಿಲ್ಲಲ್ಲ. ಇಂಜಿನ್ ಆಫ್ ಮಾಡಿ, ಚೈನ್ ತೆಗೆದು, ಬ್ರೇಕ್ ಬಿಡಿಸಿ ಡ್ರಮ್ಮನ್ನ ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ಸುತ್ತಬೇಕು.

ಇನ್ನು ಸಾಮಾನು ಹುಡುಕಿದ ಕಥೆ. ನಾನು ಮೊದಲು ಪೇಟೆಯ ಒಂದು ಅಂಗಡಿಗೆ ಬರೀ ಕೈಲಿ ಹೋಗಿ "025ರ ಕ್ಲಚ್ ಸ್ಪ್ರಿಂಗ್ ಕೊಡಿ" ಅಂದೆ. ಡಬ್ಬಿ ಬಗ್ಗಿಸಿ ಮೂರು ಸ್ಪ್ರಿಂಗ್ ಆರಿಸಿ ಕೊಟ್ರು. ಮನೆಗೆ ತಂದು ನೋಡಿದ್ರೆ ಉದ್ದ ಸರಿ ಇದೆ, ಕೊಕ್ಕೆ ಸರಿ ಇದೆ. ಹಾಕಿದೆ. ಚೈನ್ ನಿಂತಿತು, ಖುಷಿ ಆಯ್ತು. ಅರ್ಧ ಗಂಟೆ ಕೊಯ್ದು ಬಿಸಿ ಆದ ಮೇಲೆ ಮತ್ತೆ ಹರಿದಾಡಕ್ಕೆ ಶುರು. ವರ್ನಿಯರ್ ತಂದು ಅಳೆದೆ. ಹಳೇ ಸ್ಪ್ರಿಂಗಿನ ತಂತಿಗಿಂತ ಹೊಸದರ ತಂತಿ ತೆಳು. ಉದ್ದ ಒಂದೇ ಇದ್ದು ತಂತಿ ತೆಳು ಆದ್ರೆ ಎಳೆತ ಕಮ್ಮಿ, ಶೂ ಬೇಗ ಹೊರಗೆ ಬರ್ತದೆ. ತಂತಿ ದಪ್ಪ ಆದ್ರೆ ಉಲ್ಟಾ, ಕ್ಲಚ್ ತಡವಾಗಿ ಹಿಡೀತದೆ, ಮರದೊಳಗೆ ಜಾರ್ತದೆ, ಡ್ರಮ್ಮು ಕಾಯ್ತದೆ. ಅದೇ ಅಂಗಡೀಲಿ ಬೇರೆ ಮಿಷನ್ನಿನ ಪೂರ್ತಿ ಕ್ಲಚ್ ತೋರಿಸಿ "ಇದೇ ಕೂರ್ತದೆ, ಎಲ್ಲರೂ ಹಾಕ್ತಾರೆ" ಅಂದಿದ್ರು. ಎರಡನೇ ಸಲ ಹಳೇ ಕ್ಲಚ್ ಜೇಬಲ್ಲಿ ಇಟ್ಕೊಂಡು ಹೋಗಿದ್ದೆ. ಪಕ್ಕದಲ್ಲಿ ಇಟ್ಟು ನೋಡಿದ್ರೆ ಹೊರಸುತ್ತೇ ಬೇರೆ. ತಗೊಳ್ಳಲಿಲ್ಲ.

ಆಮೇಲೆ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಕೌಂಟರಿನ ಹುಡುಗ "ಯಾವ ಮಿಷನ್" ಅಂತ ಕೇಳಿದ. 025 ಅಂದೆ. "1123" ಅಂದ. ಅದೇನು ಅಂತ ಕೇಳಿದ್ದಕ್ಕೆ ಹೇಳಿಕೊಟ್ಟ. ಈ ಕಂಪನಿಯ ಸಾಮಾನಿನ ನಂಬರಲ್ಲಿ ಮೊದಲ ನಾಲ್ಕು ಅಂಕಿ ಅದು ಯಾವ ಮಿಷನ್ ಸಾಲಿಗೆ ಸೇರಿದ್ದು ಅಂತ ಹೇಳ್ತದೆ. 021, 023, 025, ಆಮೇಲೆ ಬಂದ ಎಂಎಸ್ 210, 230, 250, ಎಲ್ಲಾ 1123 ಸಾಲು. ಅಂದ್ರೆ 025 ಬಂದಾಗಿದೆ, ಸಾಮಾನು ಸಿಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಎಂಎಸ್ 250ರ ಕ್ಲಚ್ಚು ಅದಕ್ಕೆ ಕೂರ್ತದೆ. ಸ್ಪ್ರಿಂಗ್, ವಾಷರ್ ಥರದ ಸಣ್ಣ ಸಾಮಾನಿಗೆ ಬೇರೆ ಸಾಲಿನ ನಂಬರ್ ಇರಬಹುದು, ಅದಕ್ಕೇ ಮಾಡೆಲ್ ಹೇಳಿ ಪಟ್ಟಿ ತೆಗೆಸಿ ಕೇಳಿ.

ಡ್ರಮ್ಮಿಗೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಚೈನ್ ಯಾವ ಪಿಚ್? ನನಗೆ ಗೊತ್ತಿರಲಿಲ್ಲ. ಡ್ರಮ್ಮಿನ ಹಲ್ಲೂ ಚೈನಿನ ಪಿಚ್ಚೂ ಹೊಂದಲೇಬೇಕು, ಇಲ್ಲ ಅಂದ್ರೆ ಎರಡೂ ಹಾಳು. ಅಳೆಯೋದು ಸುಲಭ. ಚೈನಲ್ಲಿ ಸಾಲಾಗಿ ಮೂರು ರಿವೆಟ್ ಹಿಡೀರಿ, ಮೊದಲನೇದರ ನಡುವಿನಿಂದ ಮೂರನೇದರ ನಡುವಿಗೆ ಅಳೆದು ಅರ್ಧ ಮಾಡಿ. ಆ ಅಳತೆ ಹದಿನಾರೂವರೆ ಮಿಲಿಮೀಟರ್ ಬಂದ್ರೆ ಪಾಯಿಂಟ್ 325 ಪಿಚ್ಚು. ಹದಿನೆಂಟೂವರೆ ದಾಟಿದ್ರೆ ಮೂರು ಬೈ ಎಂಟು. ನನ್ನದು ಪಾಯಿಂಟ್ 325, ಏಳು ಹಲ್ಲು. ಸ್ಪ್ರಿಂಗ್, ಬೇರಿಂಗ್ ಅಲ್ಲೇ ಸಿಕ್ತು. ಡ್ರಮ್ಮು ಐದು ದಿನ ಬಿಟ್ಟು ಬಂತು. ಬಸ್ ಚಾರ್ಜೂ ಸೇರಿ ಎರಡು ಸಾವಿರದ ಒಳಗೆ ಮುಗೀತು. ಎರಡು ಸಾವಿರ ಉಳಿಸಕ್ಕೆ ಹೋಗಿ ನಾನು ಏನು ಮಾಡಿದೆ ಅಂತ ನಿಮಗೆ ಗೊತ್ತಾಯ್ತಲ್ಲ.

ಜೋಡಿಸೋವಾಗ ಮೂರು ಮಾತು ನೆನಪಿಡಿ. ಸ್ಪ್ರಿಂಗ್ ಹಾಕಿದ್ರೆ ಮೂರೂ ಒಟ್ಟಿಗೆ ಹೊಸದು ಹಾಕಿ, ಒಂದು ಹೊಸದು ಎರಡು ಹಳೇದು ಮಾಡಬೇಡಿ, ಶೂಗಳು ಒಂದೇ ಸಮ ಹೊರಗೆ ಬರಲ್ಲ. ನೀಡಲ್ ಬೇರಿಂಗಿಗೆ ಸ್ವಲ್ಪ ಗ್ರೀಸ್ ಹಾಕಿ, ಆದ್ರೆ ಡ್ರಮ್ಮಿನ ಒಳಗೋಡೆಗೆ ತಾಗದ ಹಾಗೆ. ಅಲ್ಲಿ ಜಿಡ್ಡು ಇದ್ರೆ ಕ್ಲಚ್ ಜಾರ್ತದೆ. ಮೂರನೇದು, ಈ ಸಾಲಿನ ಮಿಷನ್ನಲ್ಲಿ ಚೈನ್ ಆಯಿಲ್ ಪಂಪನ್ನ ತಿರುಗಿಸೋ ಒಂದು ತಂತಿಯ ತುದಿ ಇದೆ, ಅದು ಡ್ರಮ್ಮಿನ ಅಂಚಿನ ಕಚ್ಚಿನೊಳಗೆ ಕೂರಬೇಕು. ನಾನು ಅದನ್ನ ನೋಡದೆ ಡ್ರಮ್ಮು ಒತ್ತಿ ಲಾಕ್ ಹಾಕಿದ್ದೆ. ಆಯಿಲ್ ಬರದೆ ಬಾರು ಹೊಗೆ ಬಂದ ಮೇಲೆ ಮತ್ತೆ ಬಿಚ್ಚಿದೆ.

ಹಾಳಾದ ಮಿಷನ್ನಿಂದ ಸಾಮಾನು ತೆಗೆಯೋದು ತಪ್ಪಲ್ಲ. ಇಂಜಿನ್ ಸೀಜ್ ಆಗಿ ಮೂಲೇಲಿ ಬಿದ್ದಿರೋ ಮಿಷನ್ನಿನ ಶೂ, ಡ್ರಮ್ಮು ಚೆನ್ನಾಗಿದ್ರೆ ಬಳಸಿ. ಆದ್ರೆ ಸ್ಪ್ರಿಂಗ್ ಮಾತ್ರ ಹಳೇದು ಬೇಡ, ಎಷ್ಟು ಹೊಳೀತಿದ್ರೂ ಬೇಡ.

ಹುಡುಗ ತಿಂಗಳು ಬಿಟ್ಟು ಮತ್ತೆ ಬಂದ. ನಾನು ಕರೆದಿರಲಿಲ್ಲ. ಮಿಷನ್ ನೆಲದ ಮೇಲೆ ಇಟ್ಟು ಸ್ಟಾರ್ಟ್ ಮಾಡಿ, ರೇಸ್ ಕೊಟ್ಟು ಬಿಟ್ಟು, ಬಗ್ಗಿ ಚೈನನ್ನೇ ನೋಡ್ತಾ ನಿಂತ. ಆಮೇಲೆ ಬ್ರೇಕ್ ಹಾಕಿ ನೋಡಿದ. ಹಾಗೇ ಮೂರು ಸಲ. ಈಗಲೂ ಪ್ರತಿ ದಿನ ಬೆಳಿಗ್ಗೆ ಅದನ್ನ ಮಾಡದೆ ಅವನು ಮಿಷನ್ ಎತ್ತಲ್ಲ, ಮುಂದಿನ ತುಂಡಿಗೆ ಹೋಗೋವಾಗ ಬ್ರೇಕ್ ಹಾಕದೆ ಹೆಜ್ಜೆ ಇಡಲ್ಲ. ನಾನು ಅವಸರ ಮಾಡಲ್ಲ, ಪಕ್ಕದಲ್ಲಿ ನಿಂತಿರ್ತೀನಿ.

ಪಕ್ಕದೂರಿನವರ ಮಿಷನ್ನಿಗೆ ಸ್ಕ್ರೂ ಇಳಿಸಿ ನೋಡಿದೆ. ಚೈನ್ ನಿಲ್ಲೋಕೆ ಮುಂಚೆ ಇಂಜಿನ್ ನಿಂತಿತು. ಇದನ್ನ ನಾಳೆಗೆ ಕೊಡಲ್ಲ ಅಂದೆ. ಆಳಿಗೆ ಹೇಳಾಗಿದೆ ಅಂತ ಅವರಿಗೆ ಸ್ವಲ್ಪ ಬೇಜಾರಾಯ್ತು. ನನ್ನ ಮಿಷನ್ ಕೊಟ್ಟು ಕಳಿಸಿದೆ. ಅವರದ್ದು ನಮ್ಮ ಜಗಲಿ ಮೇಲೆ ಬಿಚ್ಚಿ ಕೂತಿದೆ, ಸ್ಪ್ರಿಂಗ್ ಬರೋದು ಗುರುವಾರ.

ಇವತ್ತು ಸಂಜೆ ನಿಮ್ಮ ಮಿಷನ್ನನ್ನೂ ಹೊರಗೆ ತಂದು ನೆಲದ ಮೇಲಿಟ್ಟು ಒಂದು ಸಲ ನೋಡಿ. ಚೈನ್ ನಿಲ್ಲದಿದ್ರೆ ಕೆಲಸಕ್ಕೆ ಒಯ್ಯಬೇಡಿ. ಬಿಚ್ಚಕ್ಕೆ ಬರಲ್ಲ ಅಂದ್ರೆ ನಮ್ಮನೆಗೆ ತನ್ನಿ, ನೈಲಾನ್ ಹಗ್ಗ, ವರ್ನಿಯರ್ ಎರಡೂ ಇದೆ. 1123 ಸಾಲಿನ ಸ್ಪ್ರಿಂಗ್ ಒಂದು ಸೆಟ್ ಜಾಸ್ತಿ ತಂದಿಟ್ಟಿದೀನಿ, ಬೇಕಾದವರು ಒಯ್ದು ಆಮೇಲೆ ತಂದಿಟ್ರೆ ಆಯ್ತು. ಬೇರೆ ಕಂಪನಿ ಮಿಷನ್ ಬಿಚ್ಚಿ ಅನುಭವ ಇದ್ದವರು ಕೆಳಗೆ ಬರೀರಿ, ನಾನೂ ಕಲೀತೀನಿ.