ಅಜ್ಜನ ಹನ್ನೊಂದು ಸೆಕೆಂಡು

ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ವಯಸ್ಸಾದವರ ನಡಿಗೆಯನ್ನ ಆರಿಸಿಕೊಂಡೆವು. ಆರಿಸಿಕೊಂಡೆವು ಅಂದ್ರೆ ಸುಳ್ಳಾಗುತ್ತೆ. ಲೈನ್ ಫಾಲೋವರ್ ರೋಬೋನ ಬೇರೆ ಬ್ಯಾಚಿನವರು ಮೊದಲೇ ಬರೆಸಿಬಿಟ್ಟಿದ್ದರು, ನಮ್ಮ ಹತ್ತಿರ ಎಂಪಿಯು 6050 ಸೆನ್ಸರ್ ಒಂದು ಸುಮ್ಮನೆ ಬಿದ್ದಿತ್ತು. (ನಾವೆಲ್ಲ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ.)

ಟೆಸ್ಟಿನ ಹೆಸರು 'ಟೈಮ್ಡ್ ಅಪ್ ಅಂಡ್ ಗೋ'. 1991ರಲ್ಲಿ ಪೊಡ್ಸಿಯಾಡ್ಲೋ ಮತ್ತು ರಿಚರ್ಡ್‌ಸನ್ ಅನ್ನೋರು ಪ್ರಕಟಿಸಿದ್ದು. ಕೈ ಇರೋ ಕುರ್ಚಿ, 3 ಮೀಟರ್ ದೂರದಲ್ಲಿ ನೆಲಕ್ಕೊಂದು ಟೇಪು, ಸ್ಟಾಪ್‌ವಾಚು, ಇಷ್ಟೇ ಸಾಮಾನು. ಕುರ್ಚಿಯಿಂದ ಎದ್ದು, ದಿನಾ ನಡೆಯೋ ವೇಗದಲ್ಲೇ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. ಕೋಲು ಹಿಡಿಯೋರು ಹಿಡಿಯಬಹುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳೋ ಅಪಾಯ ಇದೆ ಅಂತ ಅಮೆರಿಕದ ಸಿಡಿಸಿ ಲೆಕ್ಕ. ನಮ್ಮ ಐಡಿಯಾ ಏನಂದ್ರೆ ಸೊಂಟಕ್ಕೆ ಸೆನ್ಸರ್ ಕಟ್ಟಿ ಏಳೋದು, ನಡೆಯೋದು, ತಿರುಗೋದು, ಕೂರೋದು ಒಂದೊಂದಕ್ಕೂ ಎಷ್ಟೆಷ್ಟು ಹೊತ್ತು ಅಂತ ಬೇರೆ ಬೇರೆ ತೆಗೆಯೋದು.

ನಮ್ಮಲ್ಲೊಬ್ಬನ ಅಜ್ಜನ ಮನೆ ಭದ್ರಾವತಿಯ ಕಾಗದನಗರದಲ್ಲಿ. ಅಜ್ಜ ಮೈಸೂರು ಪೇಪರ್ ಮಿಲ್ಸಿನಲ್ಲಿ ದುಡಿದವರು. 1937ರಲ್ಲಿ ಶುರುವಾದ ಮಿಲ್ಲು 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆಮೇಲೂ ಅಜ್ಜ ದಿನಾ ಸಂಜೆ ಗೇಟಿನ ತನಕ ನಡೆದು ಬರ್ತಿದ್ದರಂತೆ. ಸೆನ್ಸರಿನ ಹೆಸರು ಹೇಳಿದ್ದೇ ತಡ, "ಏನು, ಎಂಪಿಎಂ?" ಅಂತ ಕಿವಿ ಮುಂದೆ ತಂದರು. ಎಂಪಿಯು ಅಜ್ಜ, ಎಂಪಿಯು.

ತಪ್ಪಾಗಿದ್ದು ಆಮೇಲೆ. "ಎಷ್ಟರೊಳಗೆ ಮುಗಿಸ್ಬೇಕ್ರೋ?" ಅಂತ ಕೇಳಿದರು. ನಾವು "ಹನ್ನೆರಡು" ಅಂದುಬಿಟ್ಟೆವು. ಅಜ್ಜ ಪಂಚೆ ಎತ್ತಿ ಕಟ್ಟಿದರು, ಶಿಫ್ಟಿಗೆ ಲೇಟಾದವರ ಥರ ಹೊರಟರು. 11 ಸೆಕೆಂಡು! ನಾವು ಚಪ್ಪಾಳೆ ತಟ್ಟಿ ಎಕ್ಸೆಲ್ಲಿನಲ್ಲಿ 'ನಾರ್ಮಲ್' ಅಂತ ತುಂಬಿದೆವು. ಅಜ್ಜಿ 14 ತಗೊಂಡರು, ಅವರ ಸಾಲಿಗೆ ಕೆಂಪು ಬಣ್ಣ ಹಚ್ಚಿದೆವು. ಒಗ್ಗರಣೆ ಅವಲಕ್ಕಿ ತಿಂದು ಬಸ್ಸು ಹತ್ತಿದೆವು.

ಒಂಬತ್ತನೇ ದಿನ ರಾತ್ರಿ ಅಜ್ಜ ಬಚ್ಚಲುಮನೆ ಹೊಸ್ತಿಲಲ್ಲಿ ಎಡವಿ ಬಿದ್ದರು. ಮಣಿಕಟ್ಟು ಮುರಿಯಿತು. ನೋಡೋಕೆ ಹೋದಾಗ ಅಜ್ಜಿ ಬೈಯಲಿಲ್ಲ. "ಅಲ್ರಪ್ಪ, ನಿಮ್ ಮಿಷಿನ್ನು ಚೆನ್ನಾಗಿದ್ದಾರೆ ಅಂದಿತ್ತಲ್ವಾ?" ಅಂದರು ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಹಾಸ್ಟೆಲಿಗೆ ಬಂದು ಹಳೇ ಡೇಟಾ ತೆಗೆದೆವು. ಗ್ರಾಫಿನಲ್ಲಿ ಎಲ್ಲಾ ಇತ್ತು. ನೇರ ನಡೆಯೋವಾಗ ಅಜ್ಜ ಓಡಿದ್ದಾರೆ, ಆದ್ರೆ ತಿರುಗೋಕೆ ಚಿಕ್ಕ ಚಿಕ್ಕ ಐದಾರು ಹೆಜ್ಜೆ ಇಟ್ಟಿದ್ದಾರೆ. ಕೊನೆಗೆ ಕೂತಿಲ್ಲ, ಕುರ್ಚಿಗೆ ಬಿದ್ದಿದ್ದಾರೆ, ಅಲ್ಲೊಂದು ಚೂಪಾದ ಗೆರೆ. ಬೇರೆ ಬೇರೆ ಅಳೀತೀವಿ ಅಂತ ಸಿನಾಪ್ಸಿಸ್‌ನಲ್ಲಿ ಬರೆದ ನಾವೇ ಒಟ್ಟು ಮೊತ್ತ ಒಂದನ್ನೇ ನೋಡಿ ಎದ್ದು ಬಂದಿದ್ದೆವು. ದಿನಾ ನಡೆಯೋ ವೇಗ ಅನ್ನೋ ನಿಯಮ ಓದಿದ್ದರೂ ಅಜ್ಜನಿಗೆ ರೇಸ್ ಇಟ್ಟೆವು.

ಟೆಸ್ಟಿಗೂ ಗೊತ್ತಿಲ್ಲದ್ದು ಸುಮಾರಿದೆ. ಹಾಲಿನಲ್ಲಿ ಹೊಸ್ತಿಲಿಲ್ಲ, ಒದ್ದೆ ನೆಲ ಇಲ್ಲ, ರಾತ್ರಿ ಎರಡು ಗಂಟೆ ಇಲ್ಲ. ಅಜ್ಜಿ ಇವತ್ತಿಗೂ ನೆಲದ ಮೇಲೆ ಕೂತು ತರಕಾರಿ ಹೆಚ್ಚಿ, ಒಂದೇ ಕೈ ಊರಿ ಏಳ್ತಾರೆ. ಅಜ್ಜನಿಗೆ ಅದು ಆಗಲ್ಲ. ಕುರ್ಚಿಯಿಂದ ಶುರುವಾಗೋ ಟೆಸ್ಟಿಗೆ ಇದು ಕಾಣಲ್ಲ. ಬ್ರೆಜಿಲ್‌ನ ಅರೌಜೋ ಎಂಬ ವೈದ್ಯರ ತಂಡದ್ದು ನೆಲಕ್ಕೆ ಕೂತು ಏಳೋ ಪರೀಕ್ಷೆ ಇದೆ, 10 ಅಂಕದ್ದು, ಕೈ ಅಥವಾ ಮಂಡಿ ಊರಿದಾಗೆಲ್ಲ ಒಂದೊಂದು ಅಂಕ ಕಟ್. ನಮ್ಮ ಮನೆಗಳಿಗೆ ಇದನ್ನೂ ಸೇರಿಸಬೇಕು ಅನ್ನಿಸಿತು. ಆದ್ರೆ ಪಕ್ಕದಲ್ಲಿ ಹಿಡಿಯೋಕೆ ಒಬ್ಬರು ಇರಲೇಬೇಕು.

ಹೋದ ತಿಂಗಳು ಮತ್ತೆ ಹೋದೆವು. ಈ ಸಲ ಮಂಚದಿಂದ ಬಚ್ಚಲಿನವರೆಗೆ ಟೇಪು ಹಿಡಿದೆವು. ಹೊಸ್ತಿಲು ನಾಲ್ಕಿಂಚು. ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿದೆವು, ದಾರಿಗೊಂದು ಬಲ್ಬು ಹಾಕಿದೆವು. ಇದಕ್ಕೆಲ್ಲ ಪ್ರಾಜೆಕ್ಟಿನಲ್ಲಿ ಮಾರ್ಕ್ಸ್ ಇಲ್ಲ. ಪ್ಲಾಸ್ಟರ್ ಬಿಚ್ಚಿದ್ದ ಅಜ್ಜ ಕುರ್ಚಿಯಲ್ಲಿ ಕೂತು ಸೊಂಟದ ಬೆಲ್ಟನ್ನ ತಾವೇ ಸರಿಮಾಡಿಕೊಂಡರು. ನಿಧಾನಕ್ಕೆ ಹೋಗಿ ಬಂದರು.

"ಎಷ್ಟಾಯ್ತ್ರೋ?"

"ಮೊದಲು ಕಾಫಿ ಕುಡಿಯೋಣ ಅಜ್ಜ" ಅಂದೆವು.