ಕಣ್ಣು ತೆರೆಯದ ಯಂತ್ರ

ಮಲಗಿದವರನ್ನು ಎಬ್ಬಿಸುವುದು ಸುಲಭವಾದ ಕೆಲಸವೆಂದು ಯಾವ ಗೃಹಸ್ಥನೂ ಹೇಳಲಾರನು. ಕುಂಭಕರ್ಣನನ್ನು ಎಬ್ಬಿಸುವುದಕ್ಕೆ ಭೇರಿಗಳೂ ಆನೆಗಳೂ ಬೇಕಾದುವು. ಪರೀಕ್ಷೆಯ ದಿನ ಮುಂಜಾನೆ ಮಕ್ಕಳನ್ನು ಎಬ್ಬಿಸುವುದಕ್ಕೆ ಕೆಲವು ಮನೆಗಳಲ್ಲಿ ಅದಕ್ಕಿಂತಲೂ ಹೆಚ್ಚಿನ ಸನ್ನಾಹ ಬೇಕಾಗುವುದುಂಟು. ಆದರೆ ಇವರೆಲ್ಲರೂ ಉಸಿರಾಡುತ್ತಿರುವರೆಂಬ ವಿಷಯದಲ್ಲಿ ನಮಗೆ ಸಂದೇಹವಿರುವುದಿಲ್ಲ. ಮೇಜಿನ ಮೇಲಣ ಲ್ಯಾಪ್‌ಟಾಪು ಮಲಗಿ ಏಳದೆ ಹೋದಾಗ ಆಗುವ ಕಳವಳವೇ ಬೇರೆ. ಮುಚ್ಚಳ ತೆರೆದರೆ ಪರದೆ ಕಪ್ಪು, ಗುಂಡಿಯನ್ನೊತ್ತಿದರೂ ಕಪ್ಪು. ಅದು ನಿದ್ರಿಸುತ್ತಿದೆಯೋ, ಸತ್ತಿದೆಯೋ, ಅಥವಾ ಎಚ್ಚರವಾಗಿದ್ದೂ ಕಣ್ಣುಮಾತ್ರ ತೆರೆಯಲಾರದೆ ಇದೆಯೋ, ನೋಡುವವರಿಗೆ ತಿಳಿಯದು. ಈ ಮೂರು ಸ್ಥಿತಿಗಳೂ ಬೇರೆಬೇರೆ ಎಂಬುದನ್ನು ಅರಿಯದೆ ಎಷ್ಟೋ ಒಳ್ಳೆಯ ಯಂತ್ರಗಳು ಗುಜರಿಯ ಪಾಲಾಗುತ್ತಿವೆ ಎಂದು ನಮ್ಮ ನಂಬಿಕೆ.

ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿರುವುದು ಲಿನಕ್ಸ್ ವ್ಯವಸ್ಥೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬಾತನು ಇದರ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟನು. ಕರ್ನೆಲ್ ಎಂದು ಅದರ ಹೆಸರು. ಅಲ್ಲಿಂದೀಚೆಗೆ ದೇಶದೇಶಗಳ ಸಾವಿರಾರು ಮಂದಿ ಅದನ್ನು ತಿದ್ದಿ ಬೆಳೆಸಿರುವರು. ಬೆಲೆ ಕೊಡಬೇಕಾದುದಿಲ್ಲ, ವಯಸ್ಸಾದ ಯಂತ್ರದಲ್ಲಿಯೂ ಸಲೀಸಾಗಿ ನಡೆಯುವುದು. ನಮ್ಮಂಥವರ ಮನೆಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಏತಕ್ಕೆ?

ನಮ್ಮ ತಮ್ಮನ ಮಗಳು ನಮ್ಮಲ್ಲಿಯೇ ಇದ್ದುಕೊಂಡು ಎಂ.ಎಸ್‌ಸಿ. ಓದುತ್ತಿರುವಳು. ಅವಳ ವರದಿಯೆಲ್ಲವೂ ಈ ಯಂತ್ರದಲ್ಲಿಯೇ ಸಿದ್ಧವಾಗತಕ್ಕದ್ದು. ಕಳೆದ ಮಳೆಗಾಲದಲ್ಲಿ ಅದು ಮುಚ್ಚಳ ಮುಚ್ಚಿ ತೆರೆದಾಗಲೆಲ್ಲ ಕಪ್ಪಾಗಿ ಕುಳಿತುಕೊಳ್ಳತೊಡಗಿತು. ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿಹಿಡಿದು ಆರಿಸಿ ಮತ್ತೆ ಹೊತ್ತಿಸಿದರೆ ಎಂದಿನಂತೆ ನಡೆಯುವುದು; ಆದರೆ ಉಳಿಸದೆ ಇದ್ದ ಬರವಣಿಗೆಯೆಲ್ಲ ಹೋಗುವುದು. ರಿಪೇರಿ ಅಂಗಡಿಯ ತರುಣನು ಯಂತ್ರವನ್ನು ಎರಡು ನಿಮಿಷ ತಿರುಗಿಸಿ ನೋಡಿ, "ಮದರ್‌ಬೋರ್ಡ್ ಹೋಗಿದೆ ಸಾರ್, 18,000 ಆಗುತ್ತೆ. ಅದರ ಬದಲು ಹೊಸದೇ ತಗೊಳ್ಳಿ" ಎಂದನು. ಹುಡುಗಿಯ ಮುಖ ಬಾಡಿತು. ಅವಳ ಮುಂದಿನ ಅವಧಿಯ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವನ್ನು ಬಿಟ್ಟರೆ ನಮ್ಮಲ್ಲಿ ಅಷ್ಟು ಮೊತ್ತ ಬೇರೆ ಇರಲಿಲ್ಲ. ಆರಿಸಿ ಹೊತ್ತಿಸಿದರೆ ದಿನವಿಡೀ ನಡೆಯುವ ಯಂತ್ರದ ಮದರ್‌ಬೋರ್ಡು ಹೋಗಿದೆ ಎಂಬ ತೀರ್ಪು ನಮಗೆ ಸರಿಬೀಳಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆವು.

ಈ ನಿದ್ರೆಗೆ ಸಸ್ಪೆಂಡ್ ಎಂದು ಹೆಸರು. ಸರ್ಕಾರಿ ಕಚೇರಿಗಳಲ್ಲಿ ಕೂದಲು ನರೆಸಿಕೊಂಡ ನಮ್ಮಂಥವರಿಗೆ ಈ ಮಾತು ಕೇಳಿದರೆ ಈಗಲೂ ಎದೆ ಝಲ್ಲೆನ್ನುವುದು. ಆದರೂ ಹೋಲಿಕೆ ಚೆನ್ನಾಗಿಯೇ ಇದೆ. ಸಸ್ಪೆಂಡಾದ ಗುಮಾಸ್ತನಿಗೆ ಕೆಲಸವಿಲ್ಲದಿದ್ದರೂ ಜೀವನಾಧಾರಕ್ಕೆಂದು ಅರ್ಧ ಸಂಬಳ ಸಲ್ಲುವಂತೆ, ಮಲಗಿದ ಯಂತ್ರದಲ್ಲಿ ಎಲ್ಲ ಭಾಗಗಳ ವಿದ್ಯುತ್ತನ್ನೂ ನಿಲ್ಲಿಸಿ, ಜ್ಞಾಪಕವಿರುವ ರ್ಯಾಮಿಗೆ ಮಾತ್ರ ಒಂದು ಸಣ್ಣ ಹರಿವನ್ನು ಬಿಟ್ಟಿರುತ್ತಾರೆ. ಆ ಹರಿವು ಕಡಿದರೆ ನೆನಪೂ ಹೋಯಿತು. 1996ರಲ್ಲಿ ಹೊರಬಂದ ಎಸಿಪಿಐ ಎಂಬ ಕಟ್ಟಳೆಯಲ್ಲಿ ಈ ಗಾಢನಿದ್ರೆಗೆ ಎಸ್3 ಎಂದು ಹೆಸರಿಟ್ಟರು. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಇನ್ನೊಂದು ಬಗೆಯ ನಿದ್ರೆ ಬಳಕೆಗೆ ಬಂದಿತು. ಇದರಲ್ಲಿ ಯಂತ್ರವು ಪೂರ್ತಿ ಮಲಗದೆ ಸುಮ್ಮನೆ ತೂಕಡಿಸುತ್ತಿರುವುದು. ನಮ್ಮಲ್ಲಿ ಇದಕ್ಕೆ ಕೋಳಿನಿದ್ದೆ ಎಂದು ಸೊಗಸಾದ ಮಾತಿದೆ. ಈಚಿನ ಅನೇಕ ಯಂತ್ರಗಳಿಗೆ ಈ ಕೋಳಿನಿದ್ದೆ ಒಂದೇ ಗೊತ್ತು. ಗಾಢನಿದ್ರೆಯನ್ನು ತಯಾರಿಸಿದವರೇ ತೆಗೆದುಹಾಕಿರುವರು. ಚೀಲದಲ್ಲಿಟ್ಟ ಲ್ಯಾಪ್‌ಟಾಪು ಬಿಸಿಯಾಗಿ, ಊರು ತಲಪುವಷ್ಟರಲ್ಲಿ ಬ್ಯಾಟರಿ ಬರಿದಾಗಿದ್ದರೆ, ಅದು ದಾರಿಯಲ್ಲಿ ಸರಿಯಾಗಿ ನಿದ್ದೆಮಾಡಿಲ್ಲವೆಂದು ತಿಳಿಯಬೇಕು. ಲಿನಕ್ಸಿನಲ್ಲಿ ಮೆಮ್‌ಸ್ಲೀಪ್ ಎಂಬ ಒಂದು ಪುಟ್ಟ ಕಡತವನ್ನು ಓದಿದರೆ ಯಂತ್ರಕ್ಕೆ ಯಾವ ಯಾವ ನಿದ್ರೆ ಬರುವುದೆಂದು ಬರೆದಿರುತ್ತದೆ. ಸದ್ಯ ಬಳಕೆಯಲ್ಲಿರುವುದರ ಸುತ್ತ ಕಂಸ ಹಾಕಿರುತ್ತದೆ. ನಮ್ಮದರಲ್ಲಿ ಗಾಢನಿದ್ರೆಯೇ ಇದ್ದಿತು.

ಮಲಗುವುದಕ್ಕಿಂತ ಏಳುವುದೇ ಕಷ್ಟ. ಏಳುವಾಗ ಯಂತ್ರದ ಒಂದೊಂದು ಭಾಗವನ್ನೂ ಅದರದರ ಚಾಲಕ ತಂತ್ರಾಂಶವು ಪ್ರತ್ಯೇಕವಾಗಿ ಎಬ್ಬಿಸಬೇಕು. ಎಲ್ಲರೂ ಎದ್ದು, ಚಿತ್ರ ಮೂಡಿಸುವ ಭಾಗ ಒಂದು ಮಾತ್ರ ಏಳದೆ ಹೋದರೆ, ನೋಡುವವರಿಗೆ ಇಡೀ ಯಂತ್ರವೇ ಸತ್ತಂತೆ ಕಾಣುವುದು.

ಆ ರಾತ್ರಿ ಹುಡುಗಿ ನಾಲ್ಕು ಪುಟ ಬರೆದು, ಊಟಕ್ಕೆ ಕರೆದರೆಂದು ಅಭ್ಯಾಸಬಲದಿಂದ ಮುಚ್ಚಳ ಮುಚ್ಚಿ ಎದ್ದಿದ್ದಳು. ಮರಳಿ ತೆರೆದರೆ ಕಪ್ಪು. ಕಣ್ಣಲ್ಲಿ ನೀರು ತುಂಬಿಕೊಂಡು ಗುಂಡಿಯ ಮೇಲೆ ಬೆರಳಿಟ್ಟಳು. ತಡೆ ಎಂದು ಹೇಳಿ ಕ್ಯಾಪ್ಸ್‌ಲಾಕ್ ಒತ್ತಿಸಿದೆವು. ಆ ಕೀಲಿಯ ಪಕ್ಕದ ಸಣ್ಣ ದೀಪ ಹೊತ್ತಿತು. ಮತ್ತೆ ಒತ್ತಿದರೆ ಆರಿತು.

"ದೊಡ್ಡಪ್ಪ, ಇದು ಕೇಳಿಸಿಕೊಳ್ಳುತ್ತಿದೆ!" ಎಂದಳು.

ಕೇಳಿಸಿಕೊಳ್ಳುತ್ತಿದ್ದುದು ನಿಜ. ಕರ್ನೆಲ್ ಎಚ್ಚರವಾಗಿಲ್ಲದಿದ್ದರೆ ಆ ದೀಪ ಒತ್ತಿದಂತೆಲ್ಲ ಹೊತ್ತಿ ಆರುವುದಿಲ್ಲ. ಬಳಿಕ ಕೋಣೆಯ ದೀಪವಾರಿಸಿ ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದೆವು. ಮಸುಕಾಗಿ ಅಕ್ಷರಗಳು ಕಂಡರೆ ಚಿತ್ರವಿದೆ, ಹಿಂದಿನ ಬೆಳಕು ಮಾತ್ರ ಇಲ್ಲ ಎಂದರ್ಥ. ಏನೂ ಕಾಣಿಸಲಿಲ್ಲ. ಮೂರನೆಯದಾಗಿ ಕಂಟ್ರೋಲ್, ಆಲ್ಟ್, ಎಫ್3 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದೆವು. ಲಿನಕ್ಸಿನಲ್ಲಿ ಚಿತ್ರಗಳ ಅಂಗಳದ ಹಿಂದೆ ಬರಿಯ ಅಕ್ಷರಗಳ ಕೆಲವು ಹಿತ್ತಿಲುಗಳಿರುತ್ತವೆ. ಈ ಕೀಲಿಗಳು ಅಲ್ಲಿಗೆ ಒಯ್ಯುವುವು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪರದೆ ಒಮ್ಮೆ ಮಿನುಗಿ, ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಮೂಡಿ, ಯಂತ್ರವು ಹೆಸರೇನೆಂದು ಕೇಳಿತು. ಎಫ್3ರ ಬದಲು ಎಫ್2 ಒತ್ತಿ ಹಿಂತಿರುಗಿದರೆ ನಾಲ್ಕು ಪುಟಗಳೂ ಇದ್ದಲ್ಲಿಯೇ ಇದ್ದುವು. ಅಂಗಳದಿಂದ ಹಿತ್ತಿಲಿಗೆ ಹೋಗುವಾಗ ಚಿತ್ರಚಾಲಕವು ಪರದೆಯನ್ನು ಹೊಸದಾಗಿ ಅಣಿಗೊಳಿಸಬೇಕಾಗುವುದು. ಏಳುವಾಗ ತಪ್ಪಿಹೋದ ಕೆಲಸ ಆಗ ನಡೆದುಹೋಯಿತು.

ಮದರ್‌ಬೋರ್ಡು, ಪರದೆ, ಅದರ ಬೆಳಕು ಎಲ್ಲವೂ ನೆಟ್ಟಗಿವೆಯೆಂದು ಈ ಒಂದು ಮಿನುಗಿನಿಂದಲೇ ಸಿದ್ಧವಾಯಿತು. ಉಳಿದುದು ಇದು ಯಾವಾಗ ಮೊದಲಾಯಿತೆಂಬ ಪ್ರಶ್ನೆ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಕೊಟ್ಟರೆ ಯಂತ್ರವು ತನ್ನ ದಿನಚರಿಯನ್ನು ತೋರಿಸುವುದು. ಅದರಲ್ಲಿ ಪ್ರತಿ ಸಲ ಎದ್ದಾಗಲೂ ಚಿತ್ರಚಾಲಕದ ಅಳಲು ಕೆಂಪಕ್ಷರಗಳಲ್ಲಿ ದಾಖಲಾಗಿದ್ದಿತು; ಮೊದಲನೆಯ ಅಳಲು ಹೊಸ ಕರ್ನೆಲ್ ಬಂದ ಮಾರನೆಯ ದಿನದ್ದು. ಸಾಮಾನ್ಯವಾಗಿ ಹೊಸ ಕರ್ನೆಲ್ ಬಂದರೂ ಹಳೆಯದೊಂದನ್ನು ಉಳಿಸಿಕೊಂಡಿರುತ್ತಾರೆ. ಯಂತ್ರ ಹೊತ್ತುವಾಗ ಕಾಣುವ ಗ್ರಬ್ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ, ಹತ್ತು ಸಲ ಮುಚ್ಚಿ ತೆರೆದೆವು. ಹತ್ತು ಸಲವೂ ಮಗುವಿನಂತೆ ಎದ್ದಿತು.

ಇಂಥ ತೊಂದರೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಿರೆಂದು ಸಲಹೆ ಕೊಡುವವರು ಹಲವರಿರುವರು. ಯಂತ್ರ ಹೊತ್ತುವಾಗಲೇ ಪರದೆ ಕಪ್ಪಾದರೆ ಒಳಹೊಕ್ಕು ನೋಡುವುದಕ್ಕೆ ಅದು ಒಳ್ಳೆಯ ಹಿಂಬಾಗಿಲು. ಆದರೆ ಅದು ಚಿತ್ರಚಾಲಕವನ್ನೇ ಮೂಲೆಗೆ ಕೂರಿಸುವ ಉಪಾಯ. ಕಣ್ಣುನೋವಿಗೆ ಕಣ್ಣು ಕಟ್ಟಿದಂತೆ. ಅದನ್ನೇ ಮದ್ದೆಂದು ಇಟ್ಟುಕೊಳ್ಳಬಾರದು.

ಕ್ಯಾಪ್ಸ್‌ಲಾಕ್ ದೀಪವೂ ಹೊತ್ತದೆ ಹೋದರೆ ಕರ್ನೆಲ್ಲೇ ಏಳಲಿಲ್ಲವೆಂದು ತಿಳಿಯಬೇಕು. ಆಗ ಯಂತ್ರವನ್ನು ಅರೆಬರೆ ಮಲಗಿಸಿ ಎಬ್ಬಿಸುವ ಪಿಎಂ‌ಟೆಸ್ಟ್ ಎಂಬ ಪರೀಕ್ಷೆಯಿದೆ. ಮೊದಲು ಕೆಲಸಗಳನ್ನಷ್ಟೇ ನಿಲ್ಲಿಸಿ ಐದು ಸೆಕೆಂಡಿಗೆ ಎಬ್ಬಿಸುವುದು, ಆಮೇಲೆ ಉಪಕರಣಗಳನ್ನೂ ಮಲಗಿಸುವುದು, ಹೀಗೆ ಐದು ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ಮುಗ್ಗರಿಸಿತೋ ದೋಷ ಅಲ್ಲಿದೆ. ಪಿಎಂ‌ಟ್ರೇಸ್ ಎಂಬ ಇನ್ನೊಂದು ಉಪಾಯ ನಮಗೆ ಬೇಕಾಗಲಿಲ್ಲವಾದರೂ ಅದನ್ನು ಹೇಳದೆ ಬಿಡಲಾರೆವು. ಯಂತ್ರವು ಏಳಲಾರದೆ ಬೀಳುವ ಮುನ್ನ, ಯಾವ ಭಾಗದ ಬಳಿ ಬಿದ್ದೆನೆಂಬ ಗುರುತನ್ನು ತನ್ನ ಗಡಿಯಾರದಲ್ಲಿಯೇ ಬರೆದಿಡುತ್ತದೆ. ವಿದ್ಯುತ್ತು ಹೋದರೂ ನಡೆಯುವುದು ಅದೊಂದೇ ತಾನೆ! ತಡಮಾಡದೆ ಮತ್ತೆ ಹೊತ್ತಿಸಿದರೆ ಗುರುತನ್ನು ಓದಬಹುದು. ತಾರೀಖು ಮಾತ್ರ ಎಲ್ಲಿಯೋ ಹೋಗಿ ಕುಳಿತಿರುವುದರಿಂದ ಅದನ್ನು ಆಮೇಲೆ ಸರಿಪಡಿಸಿಕೊಳ್ಳಬೇಕು.

ನಾವು ಕೆಲವು ವಾರ ಹಳೆಯ ಕರ್ನೆಲ್ಲಿನಲ್ಲಿಯೇ ಕಾಲಹಾಕಿದೆವು. ಅನಂತರ ಬಂದ ಹೊಸದರಲ್ಲಿ ಯಾರೋ ಪುಣ್ಯಾತ್ಮರು ದೋಷವನ್ನು ತಿದ್ದಿದ್ದರು. ಅಷ್ಟರಲ್ಲಿ ವರದಿ ಕಾಲೇಜಿಗೆ ಸೇರಿ, ಶುಲ್ಕವನ್ನೂ ಕಟ್ಟಿ ಆಗಿದ್ದಿತು. ಆ ಮೂರು ಕೀಲಿಗಳ ಹೆಸರನ್ನು ಹುಡುಗಿ ಒಂದು ಚೀಟಿಯಲ್ಲಿ ಬರೆದು ಯಂತ್ರದ ಅಂಚಿಗೆ ಅಂಟಿಸಿರುವಳು. ಈಗ ಬೇಕಿಲ್ಲ, ಕಿತ್ತುಹಾಕು ಎಂದರೆ ಕೇಳಳು.